ಕಮಾನುಗೆರೆಯಾಚೆ ಬಿದ್ದ ಚೆಂಡು: ಗೇಲಿಕ್ ಫುಟ್‌ಬಾಲಿನ 2025ರ ಋತು

ಗೋಲ್‌ಕೀಪರ್ ಚೆಂಡನ್ನು 20 ಮೀಟರ್ ಗೆರೆಯ ಮೇಲೆ ಕೂರಿಸುತ್ತಾನೆ. ನಾಲ್ಕೈದು ಹೆಜ್ಜೆ ಹಿಂದೆ ಸರಿದು ತಲೆಯೆತ್ತಿ ನೋಡುತ್ತಾನೆ. ಎದುರಿಗೆ, ಗೋಲಿನ ನಡುವಿನಿಂದ 40 ಮೀಟರ್ ಅಳೆದು ಎಳೆದ ಕಮಾನಿನಂಥ ಬಿಳಿ ಗೆರೆ. ಚೆಂಡು ಅದನ್ನು ದಾಟಲೇಬೇಕು. ಗೆರೆಯಾಚೆ ಎರಡೂ ತಂಡದವರು ಜೋಡಿಜೋಡಿಯಾಗಿ, ಹೆಗಲಿಗೆ ಹೆಗಲು ತಾಗಿಸಿಕೊಂಡು ಕಾಯುತ್ತಿದ್ದಾರೆ. ಒದ್ದ ಚೆಂಡು ಮೇಲೇರಿ ಕೆಳಗಿಳಿಯುವುದಕ್ಕೆ ಮೂರ್ನಾಲ್ಕು ಸೆಕೆಂಡು. ಐರ್ಲೆಂಡಿನ ಗೇಲಿಕ್ ಫುಟ್‌ಬಾಲಿನ 2025ರ ಚಾಂಪಿಯನ್‌ಶಿಪ್‌ನಲ್ಲಿ ಯಾರು ಉಳಿದರು, ಯಾರು ಮನೆಗೆ ಹೋದರು ಎಂಬುದು ಗೋಲು ಹೊಡೆದ ಕಾಲುಗಳಿಗಿಂತ ಹೆಚ್ಚಾಗಿ ಈ ಮೂರ್ನಾಲ್ಕು ಸೆಕೆಂಡುಗಳಲ್ಲೇ ತೀರ್ಮಾನವಾಯಿತು. ಆ ಋತುವನ್ನು ಇಲ್ಲಿ ಈ ಒದೆತದ ಮೂಲಕವೇ ನೋಡೋಣ. ಈ ಒದೆತಕ್ಕೆ ಕಿಕ್‌ಔಟ್ ಎಂದು ಹೆಸರು.

ಆಟ ಗೊತ್ತಿಲ್ಲದವರಿಗೆ ಮೊದಲು ನಾಲ್ಕು ಮಾತು. ಒಂದು ಕಡೆಗೆ 15 ಜನ. ಮೈದಾನ 130ರಿಂದ 145 ಮೀಟರ್ ಉದ್ದ, 80ರಿಂದ 90 ಮೀಟರ್ ಅಗಲ. ಅಂದರೆ ಸಾಮಾನ್ಯ ಫುಟ್‌ಬಾಲ್ ಮೈದಾನಕ್ಕಿಂತ ಸಾಕಷ್ಟು ದೊಡ್ಡದು. ಗೋಲುಗಂಬಗಳು ಇಂಗ್ಲಿಷಿನ ಎಚ್ ಅಕ್ಷರದ ಆಕಾರದಲ್ಲಿವೆ: ಕಂಬಗಳ ನಡುವೆ 6.5 ಮೀಟರ್, ಅಡ್ಡಪಟ್ಟಿ ನೆಲದಿಂದ 2.5 ಮೀಟರ್ ಎತ್ತರ. ಪಟ್ಟಿಯ ಕೆಳಗೆ ಬಲೆಗೆ ಬಿದ್ದರೆ ಗೋಲು, ಅದಕ್ಕೆ 3 ಪಾಯಿಂಟ್. ಮೇಲಿಂದ ಹೋದರೆ 1 ಪಾಯಿಂಟ್. 2025ರಿಂದ ಆ ಕಮಾನುಗೆರೆಯ ಆಚೆಯಿಂದ ಒದ್ದು ಮೇಲಿಂದ ಕಳಿಸಿದರೆ 2. ಗೋಲಿನ ಪಕ್ಕ ಬಿಳಿ ಕೋಟು ತೊಟ್ಟು ನಿಲ್ಲುವ ಅಂಪೈರ್ ಗೋಲಿಗೆ ಹಸಿರು ಬಾವುಟ, ಒಂದು ಪಾಯಿಂಟಿಗೆ ಬಿಳಿ ಬಾವುಟ, ಎರಡಕ್ಕೆ ಕಿತ್ತಳೆ ಬಾವುಟ ಎತ್ತುತ್ತಾನೆ. ಸ್ಕೋರನ್ನು 1-26 ಎಂದು ಬರೆಯುತ್ತಾರೆ: ಮೊದಲಿನದು ಗೋಲು, ಆಮೇಲಿನದು ಪಾಯಿಂಟ್. ಗೋಲನ್ನು ಮೂರರಿಂದ ಗುಣಿಸಿ ಕೂಡಿದರೆ 29. ಕೌಂಟಿಗಳ (ನಮ್ಮ ಜಿಲ್ಲೆಗಳಂಥವು) ಸೀನಿಯರ್ ತಂಡಗಳ ಪಂದ್ಯ 70 ನಿಮಿಷ.

ಚೆಂಡು ಸುಮಾರು ಅರ್ಧ ಕಿಲೋ ತೂಗುತ್ತದೆ. ಕೈಯಲ್ಲಿ ಹಿಡಿಯಬಹುದು, ಆದರೆ ಹಿಡಿದು ನಾಲ್ಕು ಹೆಜ್ಜೆಗಿಂತ ಹೆಚ್ಚು ಓಡುವಂತಿಲ್ಲ. ಮುಂದೆ ಓಡಬೇಕಾದರೆ ನೆಲಕ್ಕೆ ಪುಟಿಸಬೇಕು, ಇಲ್ಲವೇ ಪಾದದ ಮೇಲೆ ಬೀಳಿಸಿ ಮತ್ತೆ ಕೈಗೆ ತಂದುಕೊಳ್ಳಬೇಕು. ಸತತವಾಗಿ ಎರಡು ಸಲ ಪುಟಿಸುವಂತಿಲ್ಲ. ಹೀಗೆ ಪಾದದಿಂದ ಕೈಗೆ ತಂದುಕೊಳ್ಳುವುದೇ ‘ಸೋಲೋ’. ನೋಡಲು ಸುಲಭ, ಕಲಿಯಲು ವರ್ಷಗಳು ಬೇಕು. ಬಲಗಾಲಿನಲ್ಲಿ ಸೋಲೋ ಮಾಡುವವನು ಬಲಗೈಯಿಂದಲೇ, ಸೊಂಟದ ಎತ್ತರದಿಂದ ಚೆಂಡನ್ನು ಬಿಡಬೇಕು. ಎಸೆಯಬಾರದು, ಸುಮ್ಮನೆ ಬಿಡಬೇಕು. ಕಣಕಾಲಿನ ಕೀಲು ಬಿಗಿಯಾಗಿ, ಬೆರಳುಗಳು ಮೇಲ್ಮುಖವಾಗಿ ಇದ್ದರೆ ಚೆಂಡು ತನ್ನತ್ತಲೇ ತಿರುಗುತ್ತ ಎದ್ದು ಬರುತ್ತದೆ. ಹೊಸಬರು ಮಾಡುವ ತಪ್ಪು ಎರಡೇ: ಚೆಂಡನ್ನು ಮೈಯಿಂದ ದೂರ ಬಿಡುವುದು, ಮತ್ತು ಪಾದವನ್ನು ಬೀಸಿ ಒದೆಯುವುದು. ಆಗ ಚೆಂಡು ಎದೆಗಿಂತ ಮೇಲೇರುತ್ತದೆ, ಎದುರಾಳಿಯ ಕೈಗೆ ತಾನಾಗಿ ಸಿಗುತ್ತದೆ. ಐರ್ಲೆಂಡಿನಲ್ಲಿ ನೆಲೆಸಿರುವ ಕನ್ನಡದ ಮನೆಗಳಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಚೆಂಡು ಪಾದಕ್ಕೆ ತಟ್ಟುವ ಈ ಸದ್ದು ಪರಿಚಿತವಿರಬಹುದು. ಅಂಥ ಮಕ್ಕಳಿಗೆ ದೊಡ್ಡವರ ಚೆಂಡು ಕೊಡಬೇಡಿ. ವಯಸ್ಸಿಗೆ ತಕ್ಕಂತೆ ಹಗುರವಾದ, ಚಿಕ್ಕ ಚೆಂಡುಗಳು ಸಿಗುತ್ತವೆ. ಭಾರದ ಚೆಂಡಿನಲ್ಲಿ ಕಲಿತ ಮಗು ಮೊದಲ ದಿನದಿಂದಲೇ ಬೀಸಿ ಒದೆಯುವುದನ್ನು ರೂಢಿಸಿಕೊಳ್ಳುತ್ತದೆ.

ಇನ್ನು ಕೌಂಟಿ ಎಂಬ ಸಂಗತಿ. ಈ ಆಟವನ್ನು ನಡೆಸುವ ಸಂಸ್ಥೆ ಜಿಎಎ (ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್) ಹುಟ್ಟಿದ್ದು 1884ರ ನವೆಂಬರ್ 1ರಂದು, ಟಿಪ್ಪರರಿ ಕೌಂಟಿಯ ಥರ್ಲ್ಸ್ ಪಟ್ಟಣದ ಹೇಯ್ಸ್ ಹೋಟೆಲಿನಲ್ಲಿ. ಅಂದಿನಿಂದ ಇಂದಿನವರೆಗೂ ಆಟಗಾರರಿಗೆ ಸಂಬಳವಿಲ್ಲ. ಹರಾಜಿಲ್ಲ, ಖರೀದಿಯಿಲ್ಲ. ಹುಟ್ಟಿದ ಊರಿನ ಕ್ಲಬ್ಬಿಗೆ ಆಡುತ್ತ ಬೆಳೆದು, ಆ ಕೌಂಟಿಯ ಅಂಗಿ ತೊಡುತ್ತಾರೆ. ಕೆರ್ರಿಯ ಡೇವಿಡ್ ಕ್ಲಿಫರ್ಡ್ ಇಂದು ಈ ಆಟದ ಅತಿ ದೊಡ್ಡ ಹೆಸರು. ವೃತ್ತಿಯಲ್ಲಿ ಶಾಲಾ ಶಿಕ್ಷಕ. ಇದರಿಂದ ಒಂದು ಕಟ್ಟುನಿಟ್ಟಾದ ಪರಿಣಾಮವಿದೆ. ನಿಮ್ಮ ಕೌಂಟಿಯಲ್ಲಿ ಎತ್ತರದ ಮಿಡ್‌ಫೀಲ್ಡರ್ ಇಲ್ಲದಿದ್ದರೆ ಹೊರಗಿನಿಂದ ತರುವಂತಿಲ್ಲ. ಇರುವ ಹುಡುಗರಲ್ಲೇ ಒಬ್ಬನನ್ನು ಬೆಳೆಸಬೇಕು, ಇಲ್ಲವೇ ಅವನಿಲ್ಲದೆಯೇ ಗೆಲ್ಲುವ ದಾರಿ ಹುಡುಕಬೇಕು. ಕೌಂಟಿ ಕೌಂಟಿಗಳ ನಡುವಿನ ಹಗೆತನಕ್ಕೆ ಇಷ್ಟು ಆಳ ಬಂದಿರುವುದೂ ಇದರಿಂದಲೇ. ಸೋತ ತಂಡದಲ್ಲಿ ಆಡಿದವನು ಪಕ್ಕದ ಬೀದಿಯವನು, ಮಗನ ಮೇಷ್ಟ್ರು, ದನದ ಡಾಕ್ಟರು.

ಎರಡನೆಯ ದಾರಿಯೇ, ಅಂದರೆ ಎತ್ತರದವನಿಲ್ಲದೆ ಗೆಲ್ಲುವ ದಾರಿಯೇ, ಸುಮಾರು ಒಂದೂವರೆ ದಶಕ ಈ ಆಟವನ್ನು ಆಳಿತು. ಡಬ್ಲಿನ್ ತಂಡದ ಗೋಲ್‌ಕೀಪರ್ ಸ್ಟೀಫನ್ ಕ್ಲಕ್ಸ್ಟನ್ ಕಿಕ್‌ಔಟನ್ನು ಪಾಸ್ ಆಗಿ ಬದಲಾಯಿಸಿದ. ಮೊದಲೆಲ್ಲ ಕೀಪರ್ ಕಣ್ಣು ಮುಚ್ಚಿ ದೂರಕ್ಕೆ ಒದೆಯುತ್ತಿದ್ದ. ಕ್ಲಕ್ಸ್ಟನ್ ಖಾಲಿ ಜಾಗಕ್ಕೆ ಓಡುವ ತನ್ನವನ ಎದೆಗೆ ಇಡುತ್ತಿದ್ದ. 2015ರಿಂದ 2020ರವರೆಗೆ ಡಬ್ಲಿನ್ ಸತತ ಆರು ಸಲ ಕಪ್ ಎತ್ತಿತು. ಉಳಿದವರು ಅದರಿಂದ ಕಲಿತದ್ದು ಅರ್ಧ ಮಾತ್ರ. ಕೀಪರ್ ಪಕ್ಕದಲ್ಲೇ ನಿಂತ ಬ್ಯಾಕ್‌ಗೆ ತಟ್ಟುವುದು, ಅವನು ಮತ್ತೆ ಕೀಪರ್‌ಗೆ ಕೊಡುವುದು, ಎದುರಾಳಿಗಳು ಹದಿನೈದೂ ಜನ ತಮ್ಮ ಗೋಲಿನ ಮುಂದೆ ಹೋಗಿ ನಿಲ್ಲುವುದು, ಇವರು ಅವರ ಸುತ್ತ ಅರ್ಧಚಂದ್ರಾಕಾರದಲ್ಲಿ ಚೆಂಡನ್ನು ಕೈಯಿಂದ ಕೈಗೆ ದಾಟಿಸುತ್ತ ನಿಮಿಷಗಟ್ಟಲೆ ಕಾಯುವುದು. ಜನ ಬೇಸತ್ತರು. ಹಾಗೆ ಬೇಸತ್ತದ್ದು ನ್ಯಾಯವೇ ಆಗಿತ್ತು.

ಡಬ್ಲಿನ್ ತಂಡಕ್ಕೆ ಆ ಆರರಲ್ಲಿ ಐದನ್ನು ಗೆದ್ದುಕೊಟ್ಟ ಮ್ಯಾನೇಜರ್ ಜಿಮ್ ಗ್ಯಾವಿನ್ ಅವರ ಅಧ್ಯಕ್ಷತೆಯಲ್ಲೇ ನಿಯಮ ಪರಿಷ್ಕರಣ ಸಮಿತಿ ಕೂತಿತು. 2024ರ ಅಕ್ಟೋಬರ್‌ನಲ್ಲಿ ಡಬ್ಲಿನ್ನಿನ ದೊಡ್ಡ ಕ್ರೀಡಾಂಗಣ ಕ್ರೋಕ್ ಪಾರ್ಕ್‌ನಲ್ಲಿ ಪ್ರಾಂತ್ಯಗಳ ನಡುವಣ ಪಂದ್ಯಗಳಲ್ಲಿ ಹೊಸ ನಿಯಮಗಳನ್ನು ಪರೀಕ್ಷಿಸಿ ನೋಡಿದರು. ಗೋಲಿಗೆ 4 ಪಾಯಿಂಟ್ ಕೊಡುವುದನ್ನೂ ಅಲ್ಲಿ ನೋಡಿದರು, ಆಮೇಲೆ ಕೈಬಿಟ್ಟರು. 2025ಕ್ಕೆ ಜಾರಿಯಾದವುಗಳಲ್ಲಿ ಮುಖ್ಯವಾದವು ಇವು: ಕಮಾನುಗೆರೆಯಾಚೆಯಿಂದ 2 ಪಾಯಿಂಟ್, ಕಿಕ್‌ಔಟ್ ಆ ಗೆರೆ ದಾಟಲೇಬೇಕು, ಯಾವ ಹೊತ್ತಿನಲ್ಲೂ ಎರಡೂ ಅರ್ಧಗಳಲ್ಲಿ ತಂಡದ ಕನಿಷ್ಠ ಮೂವರು ಇರಬೇಕು, ಫೌಲ್ ಆದವನು ಸೀಟಿಗೆ ಕಾಯದೆ ತಕ್ಷಣ ಸೋಲೋ ಮಾಡಿ ಓಡಬಹುದು, ನಾಲ್ಕು ಮೀಟರ್‌ವರೆಗೆ ಅವನನ್ನು ಯಾರೂ ತಡೆಯುವಂತಿಲ್ಲ, ರೆಫರಿಯೊಡನೆ ವಾದಕ್ಕಿಳಿದರೆ ಫ್ರೀ ಕಿಕ್ 50 ಮೀಟರ್ ಮುಂದಕ್ಕೆ. ಕೀಪರ್‌ಗೆ ಚೆಂಡು ಹಿಂದಿರುಗಿಸುವುದಕ್ಕೂ ಬಿಗಿಯಾದ ಮಿತಿ ಬಂತು.

ಪತ್ರಿಕೆಗಳು ಬರೆದದ್ದೆಲ್ಲ ಎರಡು ಪಾಯಿಂಟಿನ ಬಗ್ಗೆ. ಆದರೆ ಋತುವನ್ನು ತಿರುಗಿಸಿದ ನಿಯಮ ಕಿಕ್‌ಔಟಿನದು. ಯಾಕೆಂದು ಸ್ವಲ್ಪ ಹತ್ತಿರದಿಂದ ನೋಡಬೇಕು.

ಸ್ಕೋರ್ ಆದಾಗ ಕಿಕ್‌ಔಟ್ ಸಿಗುವುದು ಸ್ಕೋರ್ ಬಿಟ್ಟುಕೊಟ್ಟವರಿಗೆ. ಅಂದರೆ ನಾನು ಪಾಯಿಂಟ್ ಹೊಡೆದರೆ ಚೆಂಡು ನಿಮ್ಮದು. ಈ ಏರ್ಪಾಡು ಆಟವನ್ನು ತಾನಾಗಿ ಸಮತೋಲದಲ್ಲಿಡುತ್ತದೆ, ನೀವು ನಿಮ್ಮ ಒದೆತವನ್ನು ನೀವೇ ಗೆದ್ದುಕೊಳ್ಳುವವರೆಗೆ. ಅದನ್ನು ನಾನು ಕಸಿದುಕೊಂಡರೆ? ಮತ್ತೆ ನಾನು ಹೊಡೆಯುತ್ತೇನೆ, ಮತ್ತೆ ಒದೆತ ನಿಮ್ಮದು, ಮತ್ತೆ ಕಸಿಯುತ್ತೇನೆ. ಒಂದು ಸುತ್ತಿಗೆ ಒಂದು ನಿಮಿಷ ಸಾಕು. ಹಿಂದೆ ಇಂಥ ಹೊತ್ತಿನಲ್ಲಿ ಕೀಪರ್ ಪಕ್ಕದ ಬ್ಯಾಕ್‌ಗೆ ಐದು ಮೀಟರ್ ತಟ್ಟಿ ರಕ್ತಸ್ರಾವ ನಿಲ್ಲಿಸುತ್ತಿದ್ದ. ಆ ಮದ್ದನ್ನೇ ಹೊಸ ನಿಯಮ ಕಿತ್ತುಕೊಂಡಿತು. ಈಗ ಚೆಂಡು ಗೆರೆಯಾಚೆ ಹೋಗಲೇಬೇಕು, ಅಲ್ಲಿ ಎದುರಾಳಿಗಳಿದ್ದೇ ಇರುತ್ತಾರೆ.

ಹಾಗಾದರೆ ಒಳ್ಳೆಯ ಕಿಕ್‌ಔಟ್ ಎಂದರೇನು? ಮೂರು ಬಗೆ. ಮೊದಲನೆಯದು ಗೆರೆಯ ಅಂಚಿಗೆ, ಪಕ್ಕದ ಗೆರೆಯ ಕಡೆಗೆ ಚಪ್ಪಟೆಯಾಗಿ, ತಲೆಯೆತ್ತರದಲ್ಲಿ ಹಾರುವ ಒದೆತ. ಓಡಿಬರುವವನು ಎದೆಯ ಮುಂದೆ ಹಿಡಿಯುತ್ತಾನೆ. ಇಲ್ಲಿ ಕೀಪರ್ ಮತ್ತು ಓಟಗಾರನ ನಡುವೆ ಅರ್ಧ ಸೆಕೆಂಡಿನ ಹೊಂದಾಣಿಕೆ ತಪ್ಪಿದರೂ ಎದುರಾಳಿ ನಡುವೆ ನುಗ್ಗಿ ಕಸಿಯುತ್ತಾನೆ, ಅವನ ಮುಂದೆ ಗೋಲು ತೆರೆದ ಬಾಗಿಲು. ಎರಡನೆಯದು ನಡುಮೈದಾನಕ್ಕೆ ಎತ್ತರದ ಒದೆತ, 50-60 ಮೀಟರ್. ನಿಮ್ಮ ಎತ್ತರದವನು ಹಿಡಿದರೆ ಅದಕ್ಕೆ ‘ಮಾರ್ಕ್’ ಸಿಗುತ್ತದೆ, ನಿಂತು ಒದೆಯಬಹುದು ಅಥವಾ ಓಡಬಹುದು. ಹಿಡಿಯದಿದ್ದರೆ ಚೆಂಡು ಮುಷ್ಟಿಗಳಿಗೆ ತಾಗಿ ಚೆದುರಿ ಬೀಳುತ್ತದೆ. ಮೂರನೆಯದು ಎಲ್ಲರ ತಲೆಯ ಮೇಲಿಂದ, ಬೆನ್ನ ಹಿಂದಿನ ಖಾಲಿ ಜಾಗಕ್ಕೆ. ಎದುರಾಳಿ ಮೇಲೇರಿ ಒತ್ತಡ ಹಾಕಿದಾಗ ಇದೊಂದು ಒದೆತ ನೇರ ಗೋಲಿಗೆ ದಾರಿ ಮಾಡಿಕೊಡಬಲ್ಲದು, ಆದರೆ ಅಷ್ಟು ದೂರ ಒದೆಯಬಲ್ಲ ಕಾಲು ಬೇಕು, ಗಾಳಿ ಜೊತೆಗಿರಬೇಕು.

ಎರಡನೆಯದರಲ್ಲೇ ಋತುವಿನ ತಿರುಳಿದೆ. ಟಿವಿಯಲ್ಲಿ ಕಾಣುವುದು ಜಿಗಿಯುವ ಇಬ್ಬರು. ನೋಡಬೇಕಾದದ್ದು ಕೆಳಗೆ ನಿಂತವರನ್ನು. ಚೆದುರಿದ ಚೆಂಡು ಬಹುಪಾಲು ಜಿಗಿದ ಜಾಗದಿಂದ ಐದಾರು ಮೀಟರ್ ಒಳಗೇ ಬೀಳುತ್ತದೆ. ಚೆನ್ನಾಗಿ ತಯಾರಾದ ತಂಡದಲ್ಲಿ ಒಬ್ಬ ಜಿಗಿಯುತ್ತಾನೆ, ಒಬ್ಬ ಅವನ ಮುಂದೆ, ಒಬ್ಬ ಹಿಂದೆ, ಒಬ್ಬ ಒಳಬದಿಗೆ. ಆ ಮೂವರೂ ಚೆಂಡು ಗಾಳಿಯಲ್ಲಿರುವಾಗಲೇ ಕಾಲು ಆಡಿಸುತ್ತಿರುತ್ತಾರೆ. ಕೆಟ್ಟ ತಂಡದಲ್ಲಿ ಮೂವರೂ ತಲೆಯೆತ್ತಿ ಚೆಂಡನ್ನೇ ನೋಡುತ್ತ ನೆಟ್ಟಗೆ ನಿಂತಿರುತ್ತಾರೆ. ಹಿಮ್ಮಡಿ ನೆಲಕ್ಕೂರಿದವನು ಮೊದಲ ಹೆಜ್ಜೆ ಹಾಕುವಷ್ಟರಲ್ಲಿ ಚೆಂಡು ಹೋಗಿರುತ್ತದೆ. ಇನ್ನೊಂದು ಸಾಮಾನ್ಯ ತಪ್ಪು, ತಮ್ಮದೇ ಇಬ್ಬರು ಒಂದೇ ಚೆಂಡಿಗೆ ಜಿಗಿಯುವುದು. ಆಗ ಕೆಳಗೆ ಒಬ್ಬ ಕಡಿಮೆ. ಮತ್ತೊಂದು, ಒತ್ತಡ ಬಿದ್ದಾಗ ಕೀಪರ್ ಅದೇ ಬದಿಗೆ, ಅದೇ ಮನುಷ್ಯನಿಗೆ ಮತ್ತೆ ಮತ್ತೆ ಒದೆಯುವುದು. ಮೂರನೆಯ ಸಲಕ್ಕೆ ಎದುರಾಳಿಗಳು ಅಲ್ಲಿ ಮೊದಲೇ ನಿಂತಿರುತ್ತಾರೆ.

ಇದು ಕಣ್ಣೆದುರು ನಡೆದದ್ದು 2025ರ ಜೂನ್ 29ರಂದು, ಕ್ರೋಕ್ ಪಾರ್ಕ್‌ನಲ್ಲಿ, ಆರ್ಮಾ ಮತ್ತು ಕೆರ್ರಿಯ ಕ್ವಾರ್ಟರ್ ಫೈನಲ್‌ನಲ್ಲಿ. ಆದರೆ ಅದಕ್ಕೆ ಮೊದಲು ಆ ಎರಡು ಕೌಂಟಿಗಳು ಅಲ್ಲಿಗೆ ಬಂದ ದಾರಿ. ಆ ವರ್ಷ ಕೌಂಟಿಗಳು ಮೊದಲು ತಮ್ಮತಮ್ಮ ಪ್ರಾಂತ್ಯದ (ಅಲ್ಸ್ಟರ್, ಲೆನ್‌ಸ್ಟರ್, ಮನ್‌ಸ್ಟರ್ ಮುಂತಾದವು) ಪಂದ್ಯಗಳನ್ನು ಆಡಿದವು, ಆಮೇಲೆ ಇಡೀ ಐರ್ಲೆಂಡಿನ ಕಪ್ಪಿಗಾಗಿ ಗುಂಪುಗಳಲ್ಲಿ ಆಡಿದವು.

ಆರ್ಮಾ 2024ರ ಚಾಂಪಿಯನ್. ಆ ವರ್ಷದ ಫೈನಲ್‌ನಲ್ಲಿ ಗಾಲ್ವೇಯನ್ನು 1-11, 0-13ರಿಂದ, ಅಂದರೆ ಒಂದೇ ಪಾಯಿಂಟಿನಿಂದ ಸೋಲಿಸಿತ್ತು. ಗೋಲು ಹೊಡೆದವನು ಮುಂದಿನ ಸಾಲಿನವನಲ್ಲ, ಹಿಂದಿನಿಂದ ಬಂದ ಡಿಫೆಂಡರ್ ಆರನ್ ಮಕೇ. ಕೌಂಟಿಗೆ ಅದು ಎರಡನೆಯ ಕಪ್. ಮೊದಲನೆಯದು 2002ರಲ್ಲಿ, ಆಗ ನಾಯಕನಾಗಿದ್ದ ಕೀರನ್ ಮಗೀನಿಯೇ ಈಗ ಮ್ಯಾನೇಜರ್. ಈ ತಂಡ ಪೆನಾಲ್ಟಿಗಳಲ್ಲಿ ಸೋತ ಬಗೆ ನೆನೆದರೆ ಹೊಟ್ಟೆ ಉರಿಯುತ್ತದೆ: 2022ರ ಕ್ವಾರ್ಟರ್ ಫೈನಲ್‌ನಲ್ಲಿ ಗಾಲ್ವೇಗೆ, 2023ರ ಅಲ್ಸ್ಟರ್ ಫೈನಲ್‌ನಲ್ಲಿ ಡೆರ್ರಿಗೆ, ಅದೇ ವರ್ಷ ಮಾನಹನ್‌ಗೆ, 2024ರ ಅಲ್ಸ್ಟರ್ ಫೈನಲ್‌ನಲ್ಲಿ ಡನಿಗಾಲ್‌ಗೆ. ನಾಲ್ಕು ಸಲ ಹಾಗೆ ಬಿದ್ದು ಎದ್ದು ಕಪ್ ಗೆದ್ದವರು ಅವರು.

2025ರ ಮೇ 10ರಂದು ಅಲ್ಸ್ಟರ್ ಫೈನಲ್‌ಗೆ ಮತ್ತೆ ಡನಿಗಾಲ್ ಮತ್ತು ಆರ್ಮಾ. ನಡೆಯುವುದು ಮಾನಹನ್ ಕೌಂಟಿಯ ಕ್ಲೋನಿಸ್‌ನಲ್ಲಿ. ಎರಡು ಸಾವಿರದ ಆಸುಪಾಸಿನ ಜನಸಂಖ್ಯೆಯ ಗಡಿಯೂರು ಅದು. ಅಲ್ಸ್ಟರ್ ಫೈನಲ್ ದಿನ ಅದರ ಹತ್ತಾರು ಪಟ್ಟು ಜನ ಗುಡ್ಡದ ಬೀದಿಯಲ್ಲಿ ಹರಿಯುತ್ತಾರೆ. ಹೆಚ್ಚುವರಿ ಸಮಯದ ನಂತರ ಡನಿಗಾಲ್ 2-23, ಆರ್ಮಾ 0-28. ಲೆಕ್ಕ ಹಾಕಿ: 29ಕ್ಕೆ 28. ಆರ್ಮಾ ಸತತ ಮೂರನೆಯ ವರ್ಷ ಅಲ್ಸ್ಟರ್ ಫೈನಲನ್ನು 70 ನಿಮಿಷದಲ್ಲಿ ಸೋಲದೆ, ಅದರಾಚೆಗೆ ಹೋಗಿ ಸೋತಿತು. ಇಲ್ಲಿ ಗಮನಿಸಬೇಕಾದದ್ದು, ಎರಡು ಪಾಯಿಂಟಿನ ಕಾಲದಲ್ಲೂ ಗೋಲಿನ ಬೆಲೆ ಇಳಿದಿಲ್ಲ ಎಂಬುದು. ಆರ್ಮಾಕ್ಕೆ ಬಲೆ ಸಿಗಲಿಲ್ಲ. ಡನಿಗಾಲ್‌ಗೆ ಎರಡು ಸಲ ಸಿಕ್ಕಿತು. ಅಷ್ಟೇ ವ್ಯತ್ಯಾಸ.

ಆ ವಸಂತದಲ್ಲಿ ಇನ್ನೂ ಒಂದು ಸಂತೋಷ. ಐರ್ಲೆಂಡಿನ ಅತಿ ಚಿಕ್ಕ ಕೌಂಟಿ ಲೌತ್, ನೆರೆಯ ಮೀದ್ ಅನ್ನು 3-14, 1-18ರಿಂದ ಸೋಲಿಸಿ 1957ರ ನಂತರ ಮೊದಲ ಸಲ ಲೆನ್‌ಸ್ಟರ್ ಪ್ರಾಂತ್ಯ ಗೆದ್ದಿತು. 68 ವರ್ಷ. ಮೊಮ್ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದ ಅಜ್ಜಂದಿರಿಗೂ ಹಿಂದಿನ ಗೆಲುವು ಬಾಲ್ಯದ ಮಸುಕು ನೆನಪು.

ಕೆರ್ರಿಯ ದಾರಿ ಬೇರೆ. ಮನ್‌ಸ್ಟರ್ ಸೆಮಿಫೈನಲ್‌ನಲ್ಲಿ ಹಳೆಯ ಎದುರಾಳಿ ಕಾರ್ಕ್ ಅವರನ್ನು ಹೆಚ್ಚುವರಿ ಸಮಯಕ್ಕೆ ಎಳೆದೊಯ್ದಿತು, 3-21, 1-25ರಿಂದ ಹೇಗೋ ಪಾರಾದರು. ಆಮೇಲೆ ಜೂನ್ 14ರಂದು ಟಲ್ಲಮೋರ್‌ನಲ್ಲಿ ಮೀದ್ ತಂಡ ಕೆರ್ರಿಯನ್ನು 1-22, 0-16ರಿಂದ, ಒಂಬತ್ತು ಪಾಯಿಂಟುಗಳಿಂದ ಬಡಿದುಹಾಕಿತು. ಗುಂಪಿನಲ್ಲಿ ಮೊದಲ ಸ್ಥಾನ ಹೋಯಿತು. 2025ರ ಪದ್ಧತಿಯಲ್ಲಿ ಮೊದಲ ಸ್ಥಾನದವರಿಗೆ ನೇರ ಕ್ವಾರ್ಟರ್ ಫೈನಲ್ ಸಿಗುತ್ತಿತ್ತು. ಎರಡು ಮತ್ತು ಮೂರನೆಯವರು ಅದಕ್ಕೆ ಮೊದಲು ಇನ್ನೊಂದು ಪಂದ್ಯ ಆಡಬೇಕಿತ್ತು. ಒಂದು ವಾರ ಬಿಟ್ಟು ಕಿಲಾರ್ನಿಯಲ್ಲಿ ಕ್ಯಾವನ್ ತಂಡವನ್ನು ಸೋಲಿಸಿ ಡಬ್ಲಿನ್‌ಗೆ ಹೊರಟಾಗ, ಈ ಕೆರ್ರಿ ತಂಡ ಒಬ್ಬ ಕ್ಲಿಫರ್ಡ್ ಮೇಲೆ ನಿಂತಿದೆ ಎಂದೇ ಹೆಚ್ಚಿನವರ ಮಾತು. ಎದುರಿಗೆ ಹಾಲಿ ಚಾಂಪಿಯನ್.

ಮೊದಲರ್ಧದಲ್ಲಿ ಎರಡು ತಂಡಗಳ ನಡುವೆ ಹೆಚ್ಚೇನೂ ಅಂತರ ಇರಲಿಲ್ಲ. ವಿರಾಮದ ನಂತರ ಹದಿನೈದು ನಿಮಿಷದ ಅವಧಿಯಲ್ಲಿ ಕೆರ್ರಿ ಒಂದರ ಮೇಲೊಂದರಂತೆ 14 ಪಾಯಿಂಟ್ ಹೊಡೆಯಿತು. ಆರ್ಮಾ ಒಂದೂ ಇಲ್ಲ. ಇದು ಸಾಧ್ಯವಾದದ್ದು ಮೇಲೆ ಹೇಳಿದ ಚಕ್ರದಿಂದ. ಪ್ರತಿ ಸ್ಕೋರಿನ ನಂತರ ಒದೆತ ಆರ್ಮಾದ್ದು. ಒದೆತ ಬಿದ್ದಲ್ಲಿ ಕೆರ್ರಿಯ ಹಸಿರು-ಬಂಗಾರದ ಅಂಗಿಗಳು. ಚೆಂಡು ಆರ್ಮಾದ ಗೋಲಿನಿಂದ ಐವತ್ತು ಮೀಟರ್ ದೂರದಲ್ಲೇ ಕೈಬದಲಾಗುತ್ತಿದ್ದರಿಂದ ಕೆರ್ರಿ ಮೈದಾನವಿಡೀ ದಾಟಿ ಬರಬೇಕಾಗಿರಲಿಲ್ಲ. ಎರಡು ಪಾಸ್ ಸಾಕು, ಕಮಾನುಗೆರೆಯ ಬಳಿ ಒಬ್ಬ ಬಿಡುವಾಗಿ ಸಿಗುತ್ತಿದ್ದ. ಡಿಫೆನ್ಸ್ ತನ್ನ ಜಾಗಕ್ಕೆ ಮರಳುವ ಮೊದಲೇ ಮುಂದಿನ ಏಟು. ಕೊನೆಗೆ ಕೆರ್ರಿ 0-32, ಆರ್ಮಾ 1-21. ಎಂಟು ಪಾಯಿಂಟಿನ ಸೋಲು, ಅದು ಆದದ್ದು ಕಾಲು ಗಂಟೆಯಲ್ಲಿ.

ಆ ಕಾಲು ಗಂಟೆಯಲ್ಲಿ ಏನು ಮಾಡಬಹುದಿತ್ತು? ತರಬೇತುದಾರರು ಹಿಡಿಯುವ ದಾರಿಗಳು ಮೂರು. ಫುಲ್ ಫಾರ್ವರ್ಡ್ ಸಾಲಿನ (ಎದುರಾಳಿಯ ಗೋಲಿಗೆ ಹತ್ತಿರ ನಿಲ್ಲುವವರ) ಎತ್ತರದವನನ್ನು ಕಿಕ್‌ಔಟಿಗೆ ಕೆಳಗೆ ಕರೆಸುವುದು. ನಡುವನ್ನು ಪೂರಾ ಬಿಟ್ಟು ಪಕ್ಕದ ಗೆರೆಗೆ ಒದೆಯುವುದು; ಅಲ್ಲಿ ಚೆಂಡು ಹೊರಹೋದರೂ ಎದುರಾಳಿ ಮೈದಾನದ ಅಂಚಿನಿಂದ, ಇಕ್ಕಟ್ಟಾದ ಕೋನದಿಂದ ಶುರು ಮಾಡಬೇಕಾಗುತ್ತದೆ, ಅಷ್ಟರಲ್ಲಿ ಡಿಫೆನ್ಸ್ ಕೂಡಿಕೊಳ್ಳುತ್ತದೆ. ಇಲ್ಲವೇ ಕೈಲಾದಷ್ಟು ದೂರ ಒದ್ದು, ಚೆಂಡು ಕಳೆದುಕೊಂಡರೂ 80 ಮೀಟರ್ ಆಚೆ ಕಳೆದುಕೊಳ್ಳುವುದು. ಮೂರೂ ಅಂದಗೆಟ್ಟ ಉಪಾಯಗಳೇ. ಆದರೆ ಕೆರ್ರಿಯಂಥ ತಂಡದ ಮುಂದೆ ಅಂದ ಕಾಯುವ ಹೊತ್ತಲ್ಲ ಅದು.

ಎರಡು ಪಾಯಿಂಟಿನ ಲೆಕ್ಕಕ್ಕೂ ಇಲ್ಲಿ ಸ್ವಲ್ಪ ನಿಲ್ಲಬೇಕು. 20 ಮೀಟರ್‌ನಿಂದ ನೇರಕ್ಕೆ ನೋಡಿದರೆ ಕಂಬಗಳ ನಡುವಣ ಕೋನ 18 ಡಿಗ್ರಿಗಿಂತ ತುಸು ಹೆಚ್ಚು; 40 ಮೀಟರ್‌ನಿಂದ ಬರೀ 9 ಚಿಲ್ಲರೆ. ಗುರಿ ಅರ್ಧವಾಯಿತು, ಬಹುಮಾನ ಇಮ್ಮಡಿಯಾಯಿತು. ಲೆಕ್ಕಕ್ಕೆ ಹೇಳುವುದಾದರೆ, ಹತ್ತಿರದಿಂದ ಹತ್ತರಲ್ಲಿ ಏಳು ಹಾಕುವವನಿಗೆ 7 ಪಾಯಿಂಟ್. ಆಚೆಯಿಂದ ಹತ್ತರಲ್ಲಿ ನಾಲ್ಕು ಹಾಕಿದರೂ 8. ಆದರೆ ಈ ಲೆಕ್ಕ ತಪ್ಪಿದ ಆರನ್ನು ಮರೆಯುತ್ತದೆ. ಕಂಬಗಳ ಪಕ್ಕದಿಂದ ಹೊರಹೋದ ಚೆಂಡು ಪರವಾಗಿಲ್ಲ, ಎದುರಾಳಿ ಕಿಕ್‌ಔಟ್ ಒದೆಯಬೇಕು, ಅದನ್ನು ಕಸಿಯಬಹುದು. ಕೇಡು ತರುವುದು ಗಿಡ್ಡವಾಗಿ ಬಿದ್ದ ಚೆಂಡು. ಅದು ಕೀಪರ್‌ನ ಕೈಗೆ ನೇರ ಬೀಳುತ್ತದೆ, ಒದೆಯಲು ಮುಂದೆ ಬಂದವರೆಲ್ಲ ತಪ್ಪು ಬದಿಯಲ್ಲಿರುತ್ತಾರೆ, ಎದುರಾಳಿಯ ಮೂವರು ಫಾರ್ವರ್ಡ್‌ಗಳು ನಿಯಮದ ಪ್ರಕಾರ ಆಚೆ ಕಾಯುತ್ತಲೇ ಇರುತ್ತಾರೆ. ಹೀಗಾಗಿ ಎದುರುಗಾಳಿಗೆ ಆಡುವ ಅರ್ಧದಲ್ಲಿ ಗೆರೆಯಾಚೆಯಿಂದ ಒದೆಯುವುದು ಅವಿವೇಕ. ಹಿಂಗಾಳಿಯಿದ್ದಾಗ ಒದೆಯದಿರುವುದೂ ಅಷ್ಟೇ ಅವಿವೇಕ. ಟಾಸ್ ಗೆದ್ದ ನಾಯಕ ಯಾವ ತುದಿ ಆರಿಸಿದ ಎಂದು ನೋಡಿ, ಅರ್ಧ ಯೋಜನೆ ಅಲ್ಲೇ ಕಾಣುತ್ತದೆ.

ಗೆರೆಯ ಇನ್ನೊಂದು ಪರಿಣಾಮ ಕಣ್ಣಿಗೆ ಕಾಣದ್ದು. ಹಿಂದೆ ಡಿಫೆಂಡರ್‌ಗಳು ಗೋಲಿನಿಂದ 25 ಮೀಟರ್ ಒಳಗೆ ಗುಂಪುಗಟ್ಟಿ ನಿಂತು ಆಚೆಯವರನ್ನು ಒದೆಯಲು ಬಿಡುತ್ತಿದ್ದರು. ಈಗ ಗೆರೆಯವರೆಗೆ ಬರಲೇಬೇಕು. ಬಂದರೆ ಬೆನ್ನ ಹಿಂದೆ ಜಾಗ ತೆರೆಯುತ್ತದೆ. ಆ ಜಾಗದಲ್ಲಿ ಡೇವಿಡ್ ಕ್ಲಿಫರ್ಡ್‌ನಂಥವನು ಒಬ್ಬನೇ ಒಬ್ಬ ಡಿಫೆಂಡರ್ ಜೊತೆ ನಿಂತಿದ್ದರೆ ಏನಾಗುತ್ತದೆಂದು ಜುಲೈ ತಿಂಗಳಿಡೀ ಎಲ್ಲರೂ ನೋಡಿದರು.

ಸೆಮಿಫೈನಲ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೆರ್ರಿ 1-20, 0-17ರಿಂದ ಟಿರೋನ್ ತಂಡವನ್ನು ಸೋಲಿಸಿತು. ಜೂನ್‌ನಲ್ಲಿ ಕೆರ್ರಿಯನ್ನು ಬಡಿದು, ಕ್ವಾರ್ಟರ್ ಫೈನಲ್‌ನಲ್ಲಿ ಗಾಲ್ವೇಯನ್ನೂ ಒಂದು ಪಾಯಿಂಟಿನಿಂದ ಹೊರಹಾಕಿದ್ದ ಮೀದ್, ಡನಿಗಾಲ್ ಎದುರು 3-26, 0-15ರಿಂದ ನುಚ್ಚುನೂರಾಯಿತು.

ಫೈನಲ್ ಜುಲೈ 27. ಡನಿಗಾಲ್‌ನ ಮ್ಯಾನೇಜರ್ ಜಿಮ್ ಮಗಿನ್ನಿಸ್, 2012ರಲ್ಲಿ ಕೌಂಟಿಗೆ ಎರಡನೆಯ ಕಪ್ ತಂದವರು. ಆಗಿನ ನಾಯಕ ಮೈಕೆಲ್ ಮರ್ಫಿ ನಿವೃತ್ತಿ ಮುರಿದು 35ರ ವಯಸ್ಸಿನಲ್ಲಿ ಮರಳಿದ್ದ. ಹೃದಯ ಡನಿಗಾಲ್ ಕಡೆಗೆ ವಾಲುವುದಕ್ಕೆ ಕಾರಣಗಳು ಬಹಳ ಇದ್ದವು. ಆದರೆ ಒಂದು ಲೆಕ್ಕವನ್ನು ಆ ದಿನ ಹೆಚ್ಚು ಜನ ಮಾಡಲಿಲ್ಲ. ಅಲ್ಸ್ಟರ್‌ನಲ್ಲಿ ಪ್ರಾಥಮಿಕ ಸುತ್ತಿನಿಂದಲೇ ಶುರು ಮಾಡಿದ ಡನಿಗಾಲ್ ಏಪ್ರಿಲ್ 6ರಿಂದ ಆಡುತ್ತ ಬಂದಿತ್ತು. ಗುಂಪಿನ ಮೊದಲ ಪಂದ್ಯವನ್ನು ತವರಿನಲ್ಲೇ ಟಿರೋನ್‌ಗೆ ಸೋತು ಹೆಚ್ಚುವರಿ ಪಂದ್ಯವನ್ನೂ ಮೈಮೇಲೆ ಹಾಕಿಕೊಂಡಿತ್ತು. ಫೈನಲ್ ಅವರಿಗೆ ಹನ್ನೊಂದನೆಯ ಚಾಂಪಿಯನ್‌ಶಿಪ್ ಪಂದ್ಯ. ಮನ್‌ಸ್ಟರ್ ಸೆಮಿಫೈನಲ್‌ನಿಂದ ನೇರ ಶುರು ಮಾಡಿದ ಕೆರ್ರಿಗೆ ಒಂಬತ್ತನೆಯದು. ಸಂಬಳವಿಲ್ಲದ, ಸೋಮವಾರ ಕೆಲಸಕ್ಕೆ ಹೋಗುವ ಆಟಗಾರರಿಗೆ ಎರಡು ಪಂದ್ಯ ಎಂದರೆ ಸಣ್ಣ ಅಂತರವಲ್ಲ. ಪ್ರಾಂತ್ಯಗಳ ನಡುವಣ ಈ ಅಸಮಾನತೆ ಹಳೆಯದು, ಅದು ಸರಿಹೋಗಲೇಬೇಕು.

ಆಟ ಶುರುವಾದದ್ದೇ ಕೆರ್ರಿ ಮುಂದೆ ಹೋಯಿತು. ನಾಯಕ ಗ್ಯಾವಿನ್ ವೈಟ್ ಹಿಂದಿನ ಸಾಲಿನಿಂದ ಹೊರಟು ಚೆದುರಿದ ಚೆಂಡುಗಳ ಮೇಲೆ ಎಲ್ಲರಿಗಿಂತ ಮೊದಲು ಬೀಳುತ್ತಿದ್ದ. ಡನಿಗಾಲ್ ಒಳಗೆ ಸರಿದು ವಲಯ ಕಾಯ್ದಿತು. ಕೆರ್ರಿ ಗೆರೆಯಾಚೆಯಿಂದ ಒದ್ದು ಅದಕ್ಕೆ ಬೆಲೆ ಕಟ್ಟಿಸಿತು. ಮೊದಲರ್ಧದ ಕೊನೆಯಲ್ಲಿ ನೋಡಿ: ಗಡಿಯಾರ ಎಲ್ಲರಿಗೂ ಕಾಣುತ್ತಿದೆ, ಕೆರ್ರಿಯವರು ಅವಸರವಿಲ್ಲದೆ ಚೆಂಡನ್ನು ಇಟ್ಟುಕೊಂಡು ಸುತ್ತಾಡುತ್ತಾರೆ, ಅರ್ಧ ಮುಗಿಯಿತೆಂದು ಸಾರುವ ಹೂಟರ್ ಹೊತ್ತಿಗೆ ಕ್ಲಿಫರ್ಡ್ ಗೆರೆಯಾಚೆಯಿಂದ ಎಡಗಾಲಿನಲ್ಲಿ ಒದೆಯುತ್ತಾನೆ. ಕಿತ್ತಳೆ ಬಾವುಟ. ಎದುರಾಳಿಗೆ ಉತ್ತರಿಸಲು ಒಂದು ಸೆಕೆಂಡೂ ಉಳಿದಿಲ್ಲ. ವಿರಾಮಕ್ಕೆ 0-17, 0-10. ಕೊನೆಯಲ್ಲಿ ಜೋ ಓಕಾನರ್ ಗೋಲು ಸೇರಿಸಿದಾಗ ಕೆರ್ರಿ 1-26, ಡನಿಗಾಲ್ 0-19. ಕೆರ್ರಿಗೆ 39ನೆಯ ಕಪ್. ಹಿಂದಿನ ವರ್ಷದ ಫೈನಲ್‌ನಲ್ಲಿ ಎರಡೂ ತಂಡ ಸೇರಿ 27 ಪಾಯಿಂಟ್. ಈ ವರ್ಷ 48.

ಆ ಕಪ್ಪಿನ ಹೆಸರು ಸ್ಯಾಮ್ ಮಗ್ವಾಯರ್, ಜನ ಪ್ರೀತಿಯಿಂದ ಬರೀ ‘ಸ್ಯಾಮ್’ ಎನ್ನುತ್ತಾರೆ. 1928ರಲ್ಲಿ ಮೊದಲು ಕಿಲ್ಡೇರ್‌ಗೆ ಸಿಕ್ಕಿದ್ದು.

ನೀವು ಐರ್ಲೆಂಡಿನಲ್ಲಿದ್ದು ಒಂದು ಪಂದ್ಯ ನೋಡಬೇಕೆಂದಿದ್ದರೆ ಫೈನಲ್‌ಗೆ ಆಸೆಪಡಬೇಡಿ. ಕ್ರೋಕ್ ಪಾರ್ಕ್‌ನಲ್ಲಿ 82,300 ಆಸನವಿದ್ದರೂ ಅದರ ಟಿಕೆಟ್‌ಗಳು ಬಹುಪಾಲು ಕೌಂಟಿ ಮತ್ತು ಕ್ಲಬ್ಬುಗಳ ಮೂಲಕವೇ ಹಂಚಿಹೋಗುತ್ತವೆ. ಕ್ವಾರ್ಟರ್ ಫೈನಲ್ ವಾರಾಂತ್ಯಕ್ಕೆ ಹೋಗಿ: ಒಂದೇ ಟಿಕೆಟಿಗೆ ಎರಡು ಪಂದ್ಯ ಸಿಗುವುದುಂಟು. ಗೋಲಿನ ಹಿಂದಿನ ಜಾಗಕ್ಕಿಂತ ಪಕ್ಕದ ಮೇಲಿನ ಅಂತಸ್ತು ಒಳ್ಳೆಯದು, ಕಿಕ್‌ಔಟಿನ ವೇಳೆ ಇಡೀ ಚದುರಂಗ ಅಲ್ಲಿಂದ ಕಾಣುತ್ತದೆ. ಎದುರಾಳಿ ಕೌಂಟಿಗಳ ಬೆಂಬಲಿಗರನ್ನು ಇಲ್ಲಿ ಬೇರೆಬೇರೆ ಕೂರಿಸುವುದಿಲ್ಲ. ನಿಮ್ಮ ಎಡಕ್ಕೆ ಆರ್ಮಾದ ಕಿತ್ತಳೆ, ಬಲಕ್ಕೆ ಕೆರ್ರಿಯ ಹಸಿರು. ಚೆಂಡು ಮೇಲಿದ್ದಾಗ ಅದನ್ನು ನೋಡಬೇಡಿ, ಅದು ಎಲ್ಲಿ ಬೀಳುತ್ತದೋ ಅಲ್ಲಿ ನಿಂತವರ ಕಾಲುಗಳನ್ನು ನೋಡಿ.

2025ರ ಅಕ್ಟೋಬರ್ 4ರಂದು ಜಿಎಎ ವಿಶೇಷ ಅಧಿವೇಶನ ಹೊಸ ನಿಯಮಗಳನ್ನು ಕಾಯಂ ಮಾಡಿತು. ಅಷ್ಟರಲ್ಲಿ ಕೌಂಟಿ ಋತು ಮುಗಿದು ಕ್ಲಬ್ ಋತು ನಡೆದಿತ್ತು. ಕಪ್ ಎತ್ತಿದ ಗ್ಯಾವಿನ್ ವೈಟ್ ಕಿಲಾರ್ನಿ ಪಟ್ಟಣದ ಡಾಕ್ಟರ್ ಕ್ರೋಕ್ಸ್ ಕ್ಲಬ್ಬಿನವನು. ಡೇವಿಡ್ ಕ್ಲಿಫರ್ಡ್ ಮತ್ತು ಅಣ್ಣ ಪೌಡಿ, ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಫಾಸ್ಸಾ ಹಳ್ಳಿಯವರು. ಜೋ ಓಕಾನರ್ ಟ್ರಲೀ ಪಟ್ಟಣದ ಆಸ್ಟಿನ್ ಸ್ಟಾಕ್ಸ್‌ನವನು. ಜುಲೈನಲ್ಲಿ ಒಂದೇ ಅಂಗಿ ತೊಟ್ಟು ಒಂದೇ ಚೆಂಡಿಗಾಗಿ ನುಗ್ಗಿದವರು, ಆಗಸ್ಟ್‌ನಿಂದ ಬೇರೆಬೇರೆ ಬಣ್ಣದ ಅಂಗಿಗಳಲ್ಲಿ, ಊರ ಮೈದಾನದಲ್ಲಿ, ಅದೇ ಕಮಾನುಗೆರೆಯಾಚೆ ಮುಖ ಮೇಲೆತ್ತಿ ಕಾಯುತ್ತ ನಿಲ್ಲುತ್ತಾರೆ.